ಒಣಗಿದ ಮೇಲೆ ಕಾಣುವ ಗೆರೆ

ಮೊದಲು ಒಂದು ಎಸಳು ಕಾಣಿಸಿತು.

ಪೂರ್ವಿ ಖಾಲಿ ಬಕೆಟ್ಟನ್ನು ಕೆಳಗಿಡದೆ ಹಾಗೇ ನಿಂತಳು. ಶಾಲೆಯ ಹಳೇ ಸಭಾಂಗಣದ ಮುಂದೆ ಅಗಲವಾದ ಕೆಂಪು ಜಗಲಿ. ಅದರ ಮೇಲೆ ಈಗಷ್ಟೇ ಬಿಸಿಲು ಬಿದ್ದ ಕಡೆ, ತೆಳ್ಳನೆಯ ಬಿಳಿ ಗೆರೆಯೊಂದು ತಾನಾಗಿಯೇ ಮೂಡುತ್ತಿತ್ತು. ಅಲ್ಲಿ ಯಾರೂ ಬರೆಯುತ್ತಿರಲಿಲ್ಲ. ಯಾರೂ ಇರಲೂ ಇಲ್ಲ.

ಒಂದು ಎಸಳಿನ ಪಕ್ಕ ಇನ್ನೊಂದು ಎಸಳು ಬಂತು. ಆಮೇಲೆ ಬಳ್ಳಿ. ಬಳ್ಳಿಯ ತುದಿಗೆ ಶಂಖ. ಬಿಸಿಲು ಮುಂದೆ ಮುಂದೆ ಸರಿದಂತೆ ಎಸಳುಗಳು ಸಾಲಾಗಿ ಎದ್ದುಬಂದವು. ಜಗಲಿಯ ನಡುವೆ ಬಂದು ಥಟ್ಟನೆ ನಿಂತುಬಿಟ್ಟವು.

ಅಲ್ಲಿಂದ ಆಚೆಗೆ ಪೂರ್ವಿ ಸುರಿದ ನೀರು.

ಅರ್ಧ ಗಂಟೆ ಹಿಂದೆ ಈ ಜಗಲಿಯ ಮೇಲೆ ಏನೂ ಇರಲಿಲ್ಲ. ಅಕ್ಕಿ ತೊಳೆದ ನೀರು ಚೆಲ್ಲಿದಂತೆ ಮಂಕಾದ ಒದ್ದೆ ಮಾತ್ರ ಇತ್ತು. ಮಂಜು ಬೇರೆ ಕವಿದಿತ್ತು. ಯಾರೋ ಅಡುಗೆಯವರು ಗಂಜಿ ಚೆಲ್ಲಿದ್ದಾರೆ ಅಂತ ಅವಳು ಅಂದುಕೊಂಡಿದ್ದಳು.

ಹೆಡ್‌ಮಿಸ್ಟ್ರೆಸ್ ಅವಳಿಗೆ ಒಪ್ಪಿಸಿದ್ದು ಗೇಟಿನ ಹತ್ತಿರ ಒಂದು ರಂಗೋಲಿ ಹಾಕುವ ಕೆಲಸ. ಆದರೆ ಗೇಟಿನಲ್ಲಿ ಸೈಕಲ್ಲು, ಸ್ಕೂಟರು, ಕುರ್ಚಿ ತರುವ ವ್ಯಾನು. ಎಷ್ಟು ಚೆನ್ನಾಗಿ ಹಾಕಿದರೂ ಐದು ನಿಮಿಷದಲ್ಲಿ ಅಳಿಸಿಹೋಗುತ್ತಿತ್ತು. ಈ ಜಗಲಿ ಎಷ್ಟು ಚೆಂದ ಇದೆ ಅಂತ ತಾನೇ ಜಾಗ ಬದಲಾಯಿಸಿದ್ದಳು. ಯಾರನ್ನೂ ಕೇಳಿರಲಿಲ್ಲ.

ಹುಬ್ಬಳ್ಳಿಯಲ್ಲಿ ಅಜ್ಜಿ ಚೆನ್ನಮ್ಮ ಕಲಿಸಿದ್ದು ಇದೇ. ಮೊದಲು ಗುಡಿಸಬೇಕು, ಆಮೇಲೆ ನೀರು ಹಾಕಿ ತೊಳೆಯಬೇಕು, ಆಮೇಲೆ ಚುಕ್ಕಿ. ಅದಕ್ಕೇ ನಲ್ಲಿಯ ಹತ್ತಿರವಿದ್ದ ಶಾಲೆಯ ಬಕೆಟ್ಟು ತಂದು, ಎರಡು ಸಲ ನೀರು ಸುರಿದು, ಪೊರಕೆಯಿಂದ ತಿಕ್ಕಿದ್ದಳು. ಮೂರನೇ ಬಕೆಟ್ಟು ತರಲು ಹೊರಟಾಗಲೇ ಬಿಸಿಲು ಬಂದದ್ದು.

ಇದು ನಿಭಾ ದಿದಾ ಅವರ ಆಲ್ಪನಾ.

ದಿದಾ ಎಂದರೆ ಅಜ್ಜಿ; ಪ್ರತಿವರ್ಷ ಶಾಲೆಯ ಹುಟ್ಟುಹಬ್ಬಕ್ಕೆ ಆಲ್ಪನಾ ಬರೆಯುವುದು ಅವರೇ. ಪೂರ್ವಿ ಅದನ್ನು ನೋಡಿರಲಿಲ್ಲ, ಕೇಳಿದ್ದಳು ಅಷ್ಟೇ. ಅಪ್ಪನಿಗೆ ಹುಬ್ಬಳ್ಳಿಯಿಂದ ಕೋಲ್ಕತ್ತಾಗೆ ರೈಲ್ವೆಯಲ್ಲಿ ವರ್ಗವಾಗಿ, ಅವಳು ಬೆಹಾಲಾದ ಈ ಶಾಲೆಗೆ ಸೇರಿ ಏಳೇ ತಿಂಗಳು. ಆಲ್ಪನಾ ಎಂದರೆ ರಂಗೋಲಿಯ ಹಾಗೆಯೇ ಪುಡಿಯಲ್ಲಿ ಹಾಕುತ್ತಾರೆ ಅಂತಲೇ ತಿಳಿದಿದ್ದಳು. ಅಕ್ಕಿಹಿಟ್ಟನ್ನು ನೀರಲ್ಲಿ ಕಲಸಿ ಬರೆಯುತ್ತಾರೆ, ಒಣಗುವವರೆಗೂ ಅದು ಕಾಣುವುದೇ ಇಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಶಾಲೆಗೆ ಈ ದಿನ ನೂರ ಇಪ್ಪತ್ತೈದು ವರ್ಷ. ಆಲ್ಪನಾದಲ್ಲಿ ನೂರ ಇಪ್ಪತ್ತೈದು ಎಸಳು. ಸಭಾಂಗಣದ ಛಾವಣಿಯ ತೊಲೆಗಳು ಬಿರುಕು ಬಿಟ್ಟಿದ್ದವು. ಬೇಸಿಗೆಯೊಳಗೆ ರಿಪೇರಿ ಆಗದಿದ್ದರೆ ಸಭಾಂಗಣವನ್ನು ಕೆಡವಬೇಕು ಅಂತ ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಹಾಗಾಗಿ ಹತ್ತು ಗಂಟೆಗೆ ಹಳೇ ವಿದ್ಯಾರ್ಥಿಗಳೆಲ್ಲ ಬರುವವರಿದ್ದರು. ಪ್ರತಿಯೊಬ್ಬರೂ ತಾವು ಶಾಲೆ ಬಿಟ್ಟ ವರ್ಷದ ಎಸಳಿನ ಮೇಲೆ ಒಂದು ಹಣತೆ ಇಟ್ಟು, ಛಾವಣಿಗೆ ತಮ್ಮ ಕೈಲಾದದ್ದು ಕೊಡುವುದು ಅಂತ ತೀರ್ಮಾನವಾಗಿತ್ತು.

ಪೂರ್ವಿ ಉಳಿದ ಎಸಳುಗಳನ್ನು ಎಣಿಸಿದಳು. ಎಪ್ಪತ್ತಮೂರು.

ಅವಳು ಬಕೆಟ್ಟನ್ನು ನಲ್ಲಿಯ ಹತ್ತಿರ ಇಟ್ಟು ಓಡಿಹೋದಳು.

*

ಅಂಗಳದಲ್ಲಿ ಅಮ್ಮಂದಿರ ತಿಂಡಿ ಮಳಿಗೆಗಳು ಏಳುತ್ತಿದ್ದವು. ಪೂರ್ವಿಯ ಅವ್ವ ಇಂದಿರಾ ದೊಡ್ಡ ಪಾತ್ರೆಯಲ್ಲಿ ಗಿರಮಿಟ್ ಕಲಸಲು ಈರುಳ್ಳಿ ಹೆಚ್ಚುತ್ತಿದ್ದಳು. ಪಕ್ಕದ ಮಳಿಗೆಯ ಆಂಟಿ ಇಣುಕಿ ನೋಡಿ, ತಮ್ಮೂರಿನ ಖಾರ ಮಂಡಕ್ಕಿಯೆಂದೇ ತಿಳಿದು, "ಓ, ಝಾಲ್‌ಮುಡಿ!" ಅಂದರು.

"ಝಾಲ್‌ಮುಡಿ ನಹೀ ಜೀ, ಗಿರಮಿಟ್," ಅಂದಳು ಅವ್ವ. ಬೆಳಗಿನಿಂದ ಇದು ನಾಲ್ಕನೇ ಸಲ. ಆಮೇಲೆ ಮಗಳ ಕಡೆ ತಿರುಗಿ, "ಆತೇನ ರಂಗೋಲಿ? ಫ್ರಾಕ್ ಯಾಕ ಇಷ್ಟ ತೊಯ್ದದ?" ಅಂತ ಕೇಳಿದಳು.

ಪೂರ್ವಿ ಫ್ರಾಕಿನ ಅಂಚು ಹಿಂಡಿದಳು. ಮೇಜಿನ ಹಿಂದೆ ಕೂತಳು.

ಅಷ್ಟರಲ್ಲಿ ಜಗಲಿಯ ಕಡೆಯಿಂದ ಜೋರಾದ ದನಿ ಕೇಳಿಸಿತು. ಹೆಡ್‌ಮಿಸ್ಟ್ರೆಸ್‌ದು. ಶಾಲೆಯಲ್ಲಿ ಎಲ್ಲರೂ ಅವರನ್ನು ಬೊರ್ದಿ, ಅಂದರೆ ದೊಡ್ಡಕ್ಕ, ಅಂತಲೇ ಕರೆಯುವುದು. ಬೊರ್ದಿ ಅಷ್ಟು ಜೋರಾಗಿ ಮಾತಾಡಿದ್ದನ್ನು ಪೂರ್ವಿ ಯಾವತ್ತೂ ಕೇಳಿರಲಿಲ್ಲ.

"ಹರಿಪದ! ಇಷ್ಟು ವರ್ಷ ಆಯ್ತು, ಇವತ್ತಿನ ದಿನ ಜಗಲಿಗೆ ನೀರು ಹಾಕಬಾರದು ಅಂತ ಗೊತ್ತಿಲ್ವಾ ನಿಂಗೆ?"

ಹರಿಪದ ಕಾಕು, ಅಂದರೆ ಹರಿಪದ ಚಿಕ್ಕಪ್ಪ, ಶಾಲೆಯ ಗೇಟು ಕಾಯುವ ದರವಾನ. ತಲೆಯೆಲ್ಲ ನೆರೆತ, ಮೆತ್ತಗಿನ ಮನುಷ್ಯ. ದಿನಾ ಬೆಳಗ್ಗೆ ಜಗಲಿ ಒರೆಸುವವನೂ ಅವನೇ. ಹತ್ತು ಗಂಟೆಗೆ ಕಂಚಿನ ಗಂಟೆ ಬಾರಿಸುವವನೂ ಅವನೇ.

"ನಾನು ಒರೆಸಿಲ್ಲ ಬೊರ್ದಿ. ಇವತ್ತು ಬಕೆಟ್ ಮುಟ್ಟೇ ಇಲ್ಲ."

"ಹಾಗಾದ್ರೆ ನೀರು ತಾನೇ ಎದ್ದು ಬಂತಾ? ನಿಭಾ ದಿದಾ ಬೆಳಗ್ಗೆ ಐದು ಗಂಟೆಗೆ ಬಂದು, ಒಬ್ಬರೇ ಕೂತು ಬರೆದಿದ್ದಾರೆ. ಈ ವಯಸ್ಸಲ್ಲಿ! ಅವರು ಸ್ನಾನ ಮಾಡಿ ವಾಪಸ್ ಬಂದಾಗ ನಾನು ಏನು ತೋರಿಸಲಿ?"

ಹರಿಪದ ಕಾಕು ನಲ್ಲಿಯ ಕಡೆ ನೋಡಿದ. ಬಕೆಟ್ಟು ಅದರ ಜಾಗದಲ್ಲಿ ಇರಲಿಲ್ಲ, ಎರಡು ಹೆಜ್ಜೆ ಈಚೆಗಿತ್ತು. ಅಲ್ಲಿಂದ ತೊಯ್ದ ಸಣ್ಣ ಹೆಜ್ಜೆಗುರುತುಗಳು ಅಂಗಳಕ್ಕೆ ಬಂದಿದ್ದವು. ಅವನ ಕಣ್ಣು ಆ ಗುರುತುಗಳ ಹಿಂದೆಯೇ ಬಂತು. ಗಿರಮಿಟ್ ಮೇಜಿನ ಹತ್ತಿರ ಬಂದು ನಿಂತಿತು.

ಈಗ ಹೇಳಿಬಿಡುತ್ತಾನೆ ಅಂದುಕೊಂಡಳು ಪೂರ್ವಿ.

ಅವನು ಹೆಗಲ ಮೇಲಿನ ಗಮ್ಚಾ ತೆಗೆದು ಮುಖ ಒರೆಸಿಕೊಂಡ.

"ಹೋಗು, ಹಿಂದಿನ ಗೇಟಲ್ಲಿ ನಿಂತ್ಕೋ," ಅಂದರು ಬೊರ್ದಿ. "ಇವತ್ತು ಗಂಟೆ ಬೇರೆ ಯಾರಾದ್ರೂ ಬಾರಿಸ್ತಾರೆ."

ಹರಿಪದ ಕಾಕು ಹೊರಟುಹೋದ. ಅವನ ಚಪ್ಪಲಿಯ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಅವ್ವನ ಚಾಕು ನಿಂತಿತ್ತು. ಅವಳು ಮಗಳ ಫ್ರಾಕಿನ ಅಂಚು ನೋಡಿದಳು, ಜಗಲಿ ನೋಡಿದಳು.

"ನೀನಽ ಏನ?"

ಪೂರ್ವಿ ತಲೆಯಾಡಿಸಿದಳು. "ನಂಗ ಗೊತ್ತಿರಲಿಲ್ಲವ್ವಾ. ಏನೂ ಕಾಣತಿರಲಿಲ್ಲ. ಖರೇನ."

"ಅವರಿಗೆ ಹೇಳಿದಿ?"

"ಇಲ್ಲ."

ಅವ್ವ ಬೈಯಲಿಲ್ಲ. ಹೋಗಿ ಹೇಳು ಅಂತಲೂ ಅನ್ನಲಿಲ್ಲ. ಮತ್ತೆ ಈರುಳ್ಳಿ ಹೆಚ್ಚತೊಡಗಿದಳು. ಬೈದಿದ್ದರೆ ಅಳಬಹುದಿತ್ತು ಅಂತ ಪೂರ್ವಿಗೆ ಅನ್ನಿಸಿತು.

*

ಎಂಟು ಗಂಟೆಗೆ ಸೈಕಲ್ ರಿಕ್ಷಾ ಬಂತು. ಬಿಳಿ ಸೀರೆಗೆ ಕೆಂಪಂಚು, ಮೇಲೆ ದಪ್ಪ ಕಂದು ಶಾಲು. ನಿಭಾ ದಿದಾ ಇಳಿದರು. ಎಪ್ಪತ್ತೊಂಬತ್ತು ವರ್ಷ. ಈ ಶಾಲೆಯಲ್ಲೇ ಓದಿ, ಇಲ್ಲೇ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾದವರು.

ಟೀಚರುಗಳೆಲ್ಲ ದಾರಿ ಬಿಟ್ಟು ನಿಂತರು.

ದಿದಾ ಜಗಲಿಯ ಮುಂದೆ ನಿಂತು ನೋಡಿದರು. ಎರಡು ಕೈಗಳೂ ಶಾಲಿನೊಳಗಿದ್ದವು. ಮೇಲೆ ಪಾರಿವಾಳವೊಂದು ರೆಕ್ಕೆ ಬಡಿಯಿತು.

"ಹರಿಪದನ ತಪ್ಪು ದಿದಾ. ಅವನಿಗೆ ನಾನು..." ಅಂದರು ಬೊರ್ದಿ.

"ಹರಿಪದನಾ?" ದಿದಾ ತಿರುಗಿದರು. "ಮೂವತ್ತು ವರ್ಷದಿಂದ ನನ್ನ ಆಲ್ಪನಾ ದಾಟಿ ನಡೆಯೋದಕ್ಕೂ ಹೆದರೋನು ಅವನು."

ಪೂರ್ವಿಗೆ ತಾನು ಯಾವಾಗ ಎದ್ದೆ ಅಂತ ಗೊತ್ತಾಗಲಿಲ್ಲ. ಅಂಗಳ ದಾಟಿದ್ದೂ ಗೊತ್ತಾಗಲಿಲ್ಲ. ಹೇಳಬೇಕಾದದ್ದನ್ನು ಹಿಂದಿಯಲ್ಲಿ ಜೋಡಿಸಿಕೊಂಡಿದ್ದಳು, ಇಂಗ್ಲಿಷಿನಲ್ಲೂ ಜೋಡಿಸಿಕೊಂಡಿದ್ದಳು. ಬಾಯಿ ತೆರೆದಾಗ ಬಂದದ್ದು ಬಂಗಾಳಿಯ ಒಂದೇ ಮಾತು.

"ಆಮಿ."

ನಾನು.

ಎಲ್ಲರೂ ಅವಳ ಕಡೆ ತಿರುಗಿದರು. ಬೊರ್ದಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ದಿದಾ ಮಾತ್ರ ಅವಳ ತೊಯ್ದ ಫ್ರಾಕನ್ನೇ ನೋಡುತ್ತಿದ್ದರು.

"ಯಾಕೆ?" ದಿದಾ ಕೇಳಿದ್ದು ಅಷ್ಟೇ.

"ರಂಗೋಲಿ ಹಾಕೋಕೆ. ನಮ್ಮನೇಲಿ ಮೊದಲು ತೊಳೀತಾರೆ."

"ಗುಡಿಸಿ ತೊಳೆದ್ಯಾ, ಸುಮ್ನೆ ತೊಳೆದ್ಯಾ?"

"ಗುಡಿಸಿ."

"ಹೂಂ. ನೂರ ಇಪ್ಪತ್ತೈದು ವರ್ಷದಲ್ಲಿ ಈ ಜಗಲಿಯನ್ನ ಯಾರೂ ಇಷ್ಟು ಚೆನ್ನಾಗಿ ತಿಕ್ಕಿರಲಿಲ್ಲ ಬಿಡು," ಅಂದರು ದಿದಾ.

ಯಾರೂ ನಗಲಿಲ್ಲ. ಬೊರ್ದಿ ಒಂದು ಕ್ಷಣ ಕಣ್ಣು ಮುಚ್ಚಿ ನಿಂತರು. ಆಮೇಲೆ ಯಾರಿಗೂ ಹೇಳದೆ, ತಾವೇ ಹಿಂದಿನ ಗೇಟಿನ ಕಡೆ ಬೇಗ ಬೇಗ ನಡೆದರು.

ದಿದಾಗೆ ಒಂದು ಕುರ್ಚಿ ಹಾಕಿದರು. ಮಣ್ಣಿನ ಬಟ್ಟಲಲ್ಲಿ ಅಕ್ಕಿಹಿಟ್ಟಿನ ನೀರು ಇನ್ನೂ ಅರ್ಧ ಉಳಿದಿತ್ತು. "ನನ್ನ ಮೊಣಕಾಲು ದಿನಕ್ಕೆ ಒಂದೇ ಸಲ ಮಡಚೋದು. ಅದು ಬೆಳಗ್ಗೇನೇ ಮುಗೀತು," ಅಂದರು ದಿದಾ. "ಕೂತ್ಕೋ. ಈ ಬಟ್ಟೆ ಚೂರನ್ನ ಅದ್ದಿ ಅಂಗೈಯಲ್ಲಿ ಹಿಡ್ಕೋ. ಹೆಬ್ಬೆರಳಿಂದ ಒತ್ತು. ಉಂಗುರದ ಬೆರಳಲ್ಲಿ ಬರಿ."

ಪೂರ್ವಿ ಒತ್ತಿದಳು. ಹಿಟ್ಟು ಬೆರಳಿನಿಂದ ಇಳಿದು ದಪ್ಪ ಹನಿಯಾಗಿ ಬಿತ್ತು. ರಂಗೋಲಿ ಪುಡಿ ಹೀಗೆ ಮಾಡುತ್ತಿರಲಿಲ್ಲ. ಅದು ಎರಡು ಬೆರಳ ನಡುವಿನಿಂದ ಹೇಳಿದ ಹಾಗೆ ಇಳಿಯುತ್ತಿತ್ತು. ಬಿದ್ದ ಕೂಡಲೇ ಕಾಣುತ್ತಿತ್ತು.

ಇಲ್ಲಿ ಎಳೆದ ಗೆರೆ ಎಳೆದ ಕೂಡಲೇ ಮಾಯ.

"ಕಾಣ್ತಾ ಇಲ್ಲ ದಿದಾ."

"ಕಾಣಲ್ಲ. ನಿಲ್ಲಿಸಬೇಡ."

ಒಂಬತ್ತಾಯಿತು. ಹಣತೆಗಳು ಬಂದವು. ಒಂಬತ್ತೂವರೆಗೆ ಹಳೇ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬರತೊಡಗಿದರು. ಪೂರ್ವಿಯ ಮುಂದೆ ಮಾತ್ರ ಬರೀ ಒದ್ದೆ ನೆಲ. ನಲವತ್ತು, ನಲವತ್ತೊಂದು. ಸರಿಯಾಗಿ ಬರುತ್ತಿದೆಯೋ ಇಲ್ಲವೋ ಅವಳಿಗೆ ತಿಳಿಯುವಂತಿರಲಿಲ್ಲ. ದಿದಾ ಆಗಾಗ "ಸ್ವಲ್ಪ ಒಳಗೆ" ಅನ್ನುತ್ತಿದ್ದರು. ಬೆನ್ನು ನೋಯುತ್ತಿತ್ತು. ಯಾರೋ ಒಬ್ಬರು, "ಇನ್ನೂ ಏನೂ ಆಗಿಲ್ವಲ್ಲ, ನಮ್ಮ ವರ್ಷ ಎಲ್ಲಿ?" ಅಂತ ಕೇಳಿದ್ದು ಕೇಳಿಸಿತು. ಅವಳು ತಲೆಯೆತ್ತಲಿಲ್ಲ.

ಐವತ್ತೆರಡು.

"ಈಗ ಏಳು. ಸುಮ್ನೆ ನಿಂತ್ಕೋ," ಅಂದರು ದಿದಾ.

ಬಿಸಿಲು ಬಂತು, ಮೋಡ ಬಂತು, ಮತ್ತೆ ಬಿಸಿಲು ಬಂತು. ಹತ್ತಕ್ಕೆ ಐದು ನಿಮಿಷವಿದ್ದಾಗ ಅಂಚಿನಲ್ಲಿ ಸಣ್ಣಗೆ ಒಂದು ಬಿಳಿ ಗೆರೆ ಎದ್ದಿತು. ಆಮೇಲೆ ಇನ್ನೊಂದು. ಒಂದು ಎಸಳು ಮೊಂಡು, ಒಂದು ಚೂಪು, ಒಂದಕ್ಕೆ ಹೊಟ್ಟೆ ದಪ್ಪ. ಆದರೂ ಎಸಳುಗಳೇ. ಕೊನೆಯದು ದಿದಾ ಅವರ ಎಸಳನ್ನು ಹೋಗಿ ಮುಟ್ಟಿತು.

*

ಅವ್ವ ದಿದಾಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ತಂದು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟುಹೋಗಿದ್ದಳು. ಗಿರಮಿಟ್ ಕೂಡ ಇತ್ತು. ದಿದಾ ಎರಡನ್ನೂ ಮುಟ್ಟಿರಲಿಲ್ಲ.

ಪೂರ್ವಿಯ ಗೆಳತಿ ತಿತಿರ್ ಈಗಷ್ಟೇ ಬಂದಿದ್ದಳು. ಗೇಟಿನಲ್ಲೇ ಎಲ್ಲ ಕತೆ ಕೇಳಿಕೊಂಡು ಓಡಿಬಂದಿದ್ದಳು.

"ಏಯ್ ಪೂರ್ವಿ! ಅರ್ಧ ನೀನೇ ಬರೆದೆ ಅಂತೆ! ಯಾವ ಅರ್ಧ, ಹೇಳಬೇಡ, ನಾನೇ ಹೇಳ್ತೀನಿ." ಅವಳು ಬಗ್ಗಿ, ಮೂಗು ನೆಲಕ್ಕೆ ತಾಗುವಷ್ಟು ಹತ್ತಿರ ಹೋಗಿ, ಒಂದೊಂದೇ ಎಸಳು ನೋಡಿದಳು. "ಗೊತ್ತಾಯ್ತು! ಇದು ನಿಂದು. ನೋಡು, ಗೆರೆಯೆಲ್ಲ ಹೇಗೆ ನಡುಗಿದೆ! ಹೆದರಿಕೊಂಡು ಬರೆದಿದೀಯ."

ಅವಳ ಬೆರಳು ಬಾಗಿಲ ಹತ್ತಿರದ ಎಸಳಿನ ಮೇಲಿತ್ತು.

ಪೂರ್ವಿ ಬಗ್ಗಿ ನೋಡಿದಳು. ಬೆಳಗ್ಗೆ ಎಲ್ಲಕ್ಕಿಂತ ಮೊದಲು ಮೂಡಿದ್ದ ಎಸಳು ಅದು. ದೂರದಿಂದ ಎಷ್ಟು ನೇರವಾಗಿ ಕಂಡಿತ್ತು. ಹತ್ತಿರದಿಂದ ನೋಡಿದರೆ, ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಅಲೆಗಳು. ಪಕ್ಕದ ಎಸಳೂ ಹಾಗೆಯೇ. ಅದರ ಪಕ್ಕದ್ದೂ. ಎಪ್ಪತ್ತಮೂರೂ.

ಅವಳು ತಿರುಗಿ ನೋಡಿದಳು. ದಿದಾ ಹಣತೆಗಳ ಕಡೆ ನೋಡುತ್ತಿದ್ದರು, ಏನೂ ಕೇಳಿಸದವರಂತೆ. ಎರಡು ಕೈಗಳೂ ಶಾಲಿನೊಳಗೇ ಇದ್ದವು. ಬಿಸಿಲು ಚುರುಗುಟ್ಟುತ್ತಿತ್ತು. ಸುತ್ತ ಎಲ್ಲರೂ ಸ್ವೆಟರ್ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಿದ್ದರು.

"ಹೇಳು, ನಿಂದೇ ತಾನೇ?" ತಿತಿರ್ ಬಿಡಲಿಲ್ಲ.

"ಹೂಂ," ಅಂದಳು ಪೂರ್ವಿ. "ನಂದೇ."

"ಗೊತ್ತಿತ್ತು!" ತಿತಿರ್ ಕುಣಿಯುತ್ತಾ ತಿಂಡಿಯ ಕಡೆ ಓಡಿದಳು.

ಢಣ್ ಅಂತ ಗಂಟೆ ಹೊಡೆಯಿತು. ಹರಿಪದ ಕಾಕು ಹಗ್ಗ ಹಿಡಿದು ನಿಂತಿದ್ದ. ಇನ್ನೊಮ್ಮೆ ಬಾರಿಸಿದ. ಎಲ್ಲರ ಮುಖವೂ ಅತ್ತ ತಿರುಗಿತು.

ಪೂರ್ವಿ ಸ್ಟೂಲಿನ ಮೇಲಿನ ಚಹಾದ ಕುಡಿಕೆ ತೆಗೆದುಕೊಂಡಳು. ಅದು ಆರಿ ತಣ್ಣಗಾಗಿತ್ತು. ಜನರಿಗೆಲ್ಲ ಬೆನ್ನು ಮಾಡಿ, ದಿದಾ ಯಾರಿಗೂ ಕಾಣದ ಹಾಗೆ ಕುರ್ಚಿಯ ಮುಂದೆ ನಿಂತು, ಕುಡಿಕೆಯನ್ನು ಎರಡೂ ಕೈಯಿಂದ ಮುಂದೆ ಹಿಡಿದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಶಾಲಿನ ಅಂಚು ಮೆಲ್ಲಗೆ ಸರಿದು, ನಡುಗುವ ಎರಡು ಕೈಗಳು ಕುಡಿಕೆಯ ಕಡೆ ಬಂದವು.