ಕಳಿಸಲು ಬಾರದ ವಚನ

ಶಿವರಾಜಪ್ಪನವರು ಜಿಪುಣರೆಂದೇ ನಾನು ಮೊದಲು ತಿಳಿದದ್ದು.

ಹದಿನೈದು ವರ್ಷದ ಹಿಂದಿನ ಮಾತು. ಬೀದರದಿಂದ ಔರಾದಿಗೆ ಹೋಗುವ ಬೆಳಗಿನ ಬಸ್ಸು. ನಾನು ಔರಾದಿನ ಕನ್ಯಾ ಶಾಲೆಯ ಟೀಚರ್, ಅವರು ಅಲ್ಲಿಯ ಅಂಚೆ ಕಚೇರಿಯವರು. ನನಗೆ ನಲವತ್ತನಾಲ್ಕು, ಅವರಿಗೆ ನಲವತ್ತೆಂಟು. ಇಬ್ಬರಿಗೂ ಇನ್ನು ಮದುವೆಯಿಲ್ಲವೆಂದು ಬಂಧುಗಳು ಕೇಳುವುದನ್ನೇ ಬಿಟ್ಟಿದ್ದರು.

ಒಂದು ದಿನ ಹಿಂದಿನ ಸೀಟಿನಲ್ಲಿ ಅವರ ಮೊಬೈಲು ಬಸವಣ್ಣನ ವಚನವೊಂದನ್ನು ಹಾಡಿತು. ಹೆಣ್ಣು ಧ್ವನಿ. ನನ್ನ ಕಣ್ಣು ತುಂಬಿತು. ಸಂಕೋಚ ಬಿಟ್ಟು ತಿರುಗಿದೆ.

“ಸರ್, ಅದು ನನ್ನ ಮೊಬೈಲಿಗೆ ಕಳಸ್ರಿ.”

ಅವರು ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಕಿವಿ ಕೆಂಪಾಯಿತು.

“ಹೋಗಲ್ಲರಿ ಟೀಚರ್. ಹಾಡು ಕಂಪನಿಯಿಂದ ಕೊಂಡದ್ದು. ಲಾಕ್ ಅದ. ಈ ಫೋನಿನ್ಯಾಗ ಅಷ್ಟೇ ಹಾಡ್ತದ.”

“ಕೊಂಡ ಮ್ಯಾಲ ನಿಮ್ಮದಲ್ಲೇನ್ರಿ?”

“ನಾನೂ ಹಂಗೇ ತಿಳ್ಕೊಂಡಿದ್ದೆ.”

“ಕೊಡೋ ಮನಸಿಲ್ಲಂದ್ರ ಇಲ್ಲನ್ರಿ,” ಎಂದು ಮುಖ ತಿರುಗಿಸಿದೆ.

ಮರುದಿನ ನನ್ನ ಭುಜದ ಪಕ್ಕ ಇಯರ್‌ಫೋನಿನ ಒಂದು ತುದಿ ಬಂತು. “ಕಳಿಸ್ಲಾಕ ಬರಲ್ಲರಿ. ಕೇಳಸ್ಲಾಕ ಬರ್ತದ.”

ವಯರು ಗಿಡ್ಡ. ನಾನು ಹಿಂದಕ್ಕೆ ವಾಲಬೇಕು, ಅವರು ಮುಂದಕ್ಕೆ ಬಾಗಬೇಕು. ಅವರ ಹಣೆಯ ವಿಭೂತಿಯ ವಾಸನೆ ನನಗೆ ಬರುತ್ತಿತ್ತು. ಬಸ್ಸು ಕುಲುಕಿ ತುದಿ ಜಾರಿದರೆ ಇಬ್ಬರ ಕೈಯೂ ಒಮ್ಮೆಗೇ ಹೋಗುತ್ತಿತ್ತು. ಇಬ್ಬರೂ ಒಮ್ಮೆಗೇ ಹಿಂದೆ ಸರಿಯುತ್ತಿದ್ದೆವು.

ಜೊತೆಗೆ ಬರುತ್ತಿದ್ದ ಟೀಚರ್ ಮರಿಯಮಬೀ ಒಮ್ಮೆ ಕೇಳಿಯೇಬಿಟ್ಟಳು. “ಶಿವಕಾಂತಾ, ವಚನ ಸಂತಪುರಕ್ಕೇ ಮುಗೀತದ. ಔರಾದ ತನಕ ಕಿವ್ಯಾಗ ಏನ್ ಕೇಳ್ತಿ?”

ನಾನು ಕಿಟಕಿಯ ಹೊರಗೆ ತೊಗರಿ ಹೊಲ ನೋಡಿದೆ. ಹಿಂದೆ ಅವರು ಕೆಮ್ಮಿದರು.

ಆ ಫೋನಿನಲ್ಲಿ ಇನ್ನೂ ಹನ್ನೊಂದು ಹಾಡುಗಳಿದ್ದವು. “ಇದಾದ್ರೂ ಕಳಸ್ರಿ,” ಎಂದಾಗಲೆಲ್ಲ, “ಇದೂ ಲಾಕ್ ಅದರಿ,” ಎನ್ನುವರು. ಹೀಗೆ ಹಾಡು ಕೇಳುತ್ತ ಒಂದು ವರ್ಷ ಕಳೆಯಿತು. ಮರುವರ್ಷ ಭಾಲ್ಕಿಯಲ್ಲಿ ಗುರುಗಳ ಮುಂದೆ ಮದುವೆಯಾಗಿ ಔರಾದಿನಲ್ಲೇ ಮನೆ ಮಾಡಿದೆವು. ಪ್ರೀತಿಯ ಮಾತನ್ನು ಅವರು ಬಾಯಿ ಬಿಟ್ಟು ಒಮ್ಮೆಯೂ ಆಡಲಿಲ್ಲ. ಆದರೆ ಪ್ರತಿ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ, ಆ ಹಳೆಯ ಫೋನಿನಲ್ಲಿ ಆ ವಚನ ಹಚ್ಚುತ್ತಿದ್ದರು.

ಹೋದ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು.

ಬರುವ ಸೋಮವಾರ ವರ್ಷದ ಸ್ಮರಣೆ. ಅವರ ಫೋಟೋದ ಮುಂದೆ ಆ ವಚನ ಕೇಳಿಸಬೇಕೆಂಬುದೊಂದೇ ನನ್ನ ಆಸೆ. ಆ ಹಳೆಯ ಫೋನು ಚಾಲೂ ಆಗಲಿಲ್ಲ. ವಚನ ಮಾರಿದ ಕಂಪನಿ ಎಂದೋ ಮುಚ್ಚಿತ್ತು. ಹೊಸ ಮೊಬೈಲಿನಲ್ಲಿ ಹುಡುಕಿದರೆ ಅದೇ ವಚನವನ್ನು ಬೇರೆಯವರು ಹಾಡಿದ್ದರು. ಆ ಧ್ವನಿ ಇರಲಿಲ್ಲ. ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೀದರಕ್ಕೆ ಬಂದೆ. ಚೌಬಾರಾ ಗೋಪುರದ ಹತ್ತಿರ ಖಾಲಿದ ಎಂಬವರು ಮೊಬೈಲ್ ರಿಪೇರಿ ಮಾಡುತ್ತಾರೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಒಳಗಿನ ಚಿಕ್ಕ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದರು.

“ಅಮ್ಮಾರ, ಫೋನ್ ಹೋಗ್ಯದರಿ. ವಚನ ಈ ಕಾರ್ಡಿನ್ಯಾಗ ಅದ, ಆದ್ರ ಅದರ ಚಾಬಿ ಫೋನಿನ್ಯಾಗೇ ಉಳೀತು. ಇನ್ನ ತೆರ್ಯಲ್ಲ.”

“ರೊಕ್ಕ ಕೊಟ್ಟು ತಗೊಂಡಿದ್ದರಪ್ಪಾ.”

“ಅದಕ್ಕೇ ಲಾಕ್ ಅದರಿ. ಉಳಿದ ಹನ್ನೊಂದಕ್ಕ ಲಾಕೇ ಇಲ್ಲ.”

“ಇಲ್ಲಾ?”

“ಇಲ್ರಿ. ಯಾವುದೋ ಅಂಗಡ್ಯಾಗ ತುಂಬಿಸ್ಯಾರ. ಮೊದಲಿಂದ್ಲೂ ಯಾರಿಗಿ ಬೇಕಾದ್ರೂ ಕಳಿಸ್ಲಾಕ ಬರ್ತಿತ್ತು.”

ನಾನು ಸ್ಟೂಲಿನ ಮೇಲೆ ಕೂತೆ. ಒಂದು ಅಂಚೆಚೀಟಿಯ ವಿಷಯದಲ್ಲೂ ಸುಳ್ಳಾಡದ ಮನುಷ್ಯ. ಇದೂ ಲಾಕ್ ಅದರಿ. ಇದೂ ಲಾಕ್ ಅದರಿ. ಹನ್ನೊಂದು ಸಲ. ಆ ಕೆಂಪು ಕಿವಿ ಕಣ್ಣ ಮುಂದೆ ಬಂತು. ನಗು ಬಂತು. ಅದರ ಹಿಂದೆಯೇ ಅಳು.

ಖಾಲಿದ ನೀರು ಕೊಟ್ಟರು. “ಸೋಮವಾರ ಏನ್ ಮಾಡ್ತೀರಿ ಅಮ್ಮಾರ?”

“ನಾನೇ ಹಾಡ್ತೇನಿ. ದನಿ ನಡುಗಿದ್ರ ನಡುಗ್ಲಿ, ಅವರು ಕೇಳ್ತಾರ.”

“ಈ ಹನ್ನೊಂದು ನಿಮ್ಮ ಮೊಬೈಲಿಗೆ ಕಳಿಸ್ಲೇನ್ರಿ? ಎರಡು ನಿಮಿಷದ ಕೆಲಸ.”

ಕಾರ್ಡನ್ನು ಅವರ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ.

“ಬ್ಯಾಡಪ್ಪಾ,” ಅಂದೆ. “ಅವೂ ಲಾಕ್ ಅವ.”