ತಣ್ಣನೆ ಕೋಣೆಯ ಕಡಲ ಕೆಸರು

"ಅಣ್ಣ ಊಟಕ್ಕೂ ಬಂದಿಲ್ಲ. ಎಲ್ಲೂ ಕಾಣ್ತಿಲ್ಲ," ಎನ್ನುತ್ತ ಕಿರಿಯ ವಿಜ್ಞಾನಿ ಹಡಗಿನ ದವಾಖಾನೆಗೆ ಬಂದಾಗ ನರ್ಸ್ ಔಷಧಿ ಜೋಡಿಸುತ್ತಿದ್ದಳು. ಅವನ ಅಣ್ಣನೇ ಸಂಶೋಧನಾ ತಂಡದ ಮುಖ್ಯಸ್ಥ. ಅವನ ಕೈ ಹಿಡಿದು ಅವಳು ಕೂರಿಸಿದಳು. ಕೊಳೆತ ಮೊಟ್ಟೆಯಂಥ ನಾತ ಮೂಗಿಗೆ ಬಡಿಯಿತು. ಚರಂಡಿ ಮತ್ತೆ ಕಟ್ಟಿಕೊಂಡಿರಬೇಕು ಎಂದು ಗೊಣಗಿದಳು.

ಡಾಕ್ಟರಮ್ಮ ಆಗಲೇ ಎದ್ದಿದ್ದರು. ಹಡಗಿನಲ್ಲಿ ಏನೇ ಎಡವಟ್ಟಾದರೂ ಎಲ್ಲರೂ ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಹಿಂದೆ ಕಳ್ಳರನ್ನೂ ಹಿಡಿದುಕೊಟ್ಟಿದ್ದರು. ಆಗೆಲ್ಲ ನರ್ಸ್ ಜೊತೆಗಿದ್ದಳು.

ಎಲ್ಲೆಡೆ ಹುಡುಕಿ ಕೊನೆಗೆ ಕಪ್ತಾನ ತಣ್ಣನೆ ಕೋಣೆಯ ಬಾಗಿಲು ತೆರೆದ. ಸಮುದ್ರದ ತಳದಿಂದ ಎತ್ತಿದ ಕೆಸರನ್ನು ಉದ್ದನೆಯ ಕೊಳವೆಗಳಲ್ಲಿ ಅಲ್ಲಿಟ್ಟಿದ್ದರು. ಪುರಾತನ ಕಡಲೂ ಹವೆಯೂ ಹೇಗೆ ಬದಲಾದವೆಂಬುದನ್ನು ಅದರ ಪದರಗಳಿಂದ ತಿಳಿಯಬೇಕಿತ್ತು. ಉರುಳಿದ ಕೊಳವೆಗಳಡಿ ಮುಖ್ಯಸ್ಥರು ಅಂಗಾತ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಜೀವ ಹೋಗಿತ್ತು. ಕೆಸರಿನ ನಾತಕ್ಕೆ ಕಪ್ತಾನ ಮೂಗು ಮುಚ್ಚಿಕೊಂಡ.  ತಮ್ಮನಾದ ಕಿರಿಯ ವಿಜ್ಞಾನಿ ಹೊಸಿಲಲ್ಲೇ ಕುಸಿದ.

ಹಡಗು ವಾಲಿದಾಗ ಕೊಳವೆಗಳು ಜಾರಿ ಬಡಿದಿರಬೇಕು ಎಂದ ಕಪ್ತಾನ. ಡಾಕ್ಟರಮ್ಮ ಹೆಣವನ್ನು ಮೆಲ್ಲಗೆ ಮಗ್ಗುಲಾಗಿಸಿದರು. ಬೆನ್ನಡಿಯೂ ಕೆಸರೇ. ಒಡೆದಿದ್ದುದು ಒಂದೇ ಕೊಳವೆ.

ಊಟದ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ದಡ ಮುಟ್ಟುವವರೆಗೆ ಕೊಳವೆ ತೆರೆಯಬಾರದೆಂದು ಮುಖ್ಯಸ್ಥರು ತಾಕೀತು ಮಾಡಿದ್ದರು, ಯಾರೂ ತೆರೆದಿರಲಿಲ್ಲ ಎಂದ ಕಪ್ತಾನ. ತಾನು ಅಂದು ಆ ಕೋಣೆಯತ್ತ ಸುಳಿದೇ ಇಲ್ಲವೆಂದ ತಮ್ಮ.

"ಕೊಳವೆ ಬಡಿದು ಬಿದ್ದಿದ್ರೆ ಅವರ ಅಡಿ ನೆಲ ಸ್ವಚ್ಛವಾಗಿರಬೇಕಿತ್ತು," ಎಂದರು ಡಾಕ್ಟರಮ್ಮ. "ಮೊದಲು ಕೆಸರು ಚೆಲ್ಲಿದೆ, ಆಮೇಲೆ ಅವರು ಬಿದ್ದಿದಾರೆ. ಮಿಕ್ಕ ಕೊಳವೆಗಳನ್ನ ಯಾರೋ ಮೇಲೆ ಉರುಳಿಸಿದಾರೆ. ಆಳದ ಕೆಸರು ಹೊರಗೆ ಬಂದ್ರೆ ನಾರುತ್ತೆ, ಸುಲಭಕ್ಕೆ ಹೋಗಲ್ಲ." ನರ್ಸಿನತ್ತ ತಿರುಗಿದರು. "ನಾವು ಬಾಗಿಲು ತೆಗೆಯೋಕೆ ಮೊದಲೇ ಆ ನಾತ ನಿನಗೆಲ್ಲಿ ಬಂತು?"

ಅವಳು ಕಿರಿಯ ವಿಜ್ಞಾನಿಯತ್ತ ಬೆರಳು ತೋರಿದಳು. "ಇವರ ಕೈಯಿಂದ."

ತಮ್ಮ ಎಲ್ಲವನ್ನೂ ಒಪ್ಪಿಕೊಂಡ. ಹಳೆಯ ಕಡಲು ನಿಧಾನವಾಗಿ ಬಿಸಿಯಾಯಿತೆಂದು ವಾದಿಸಿಯೇ ಅವನು ಹೆಸರು ಗಳಿಸಿದ್ದ. ಒಡೆದ ಆ ಕೊಳವೆಯನ್ನು ತೆರೆಯದೆಯೇ ತೆಗೆದಿದ್ದ ಎಕ್ಸ್‌ರೇಯಲ್ಲಿ ಪದರಗಳು ದಿಢೀರನೆ ಬದಲಾಗಿದ್ದವು, ಅಂದರೆ ಕಡಲು ಒಮ್ಮೆಲೇ ಬಿಸಿಯಾಗಿತ್ತು. ಅದನ್ನು ಎಲ್ಲರಿಗೂ ತಿಳಿಸುತ್ತೇನೆಂದು ಅಣ್ಣ ಪಟ್ಟು ಹಿಡಿದಾಗ, ಕೊಳವೆಯನ್ನೇ ನೆಲಕ್ಕೆ ಅಪ್ಪಳಿಸಿದ. ತಡೆಯಲು ಬಂದ ಅಣ್ಣನನ್ನು ತಳ್ಳಿದ. ಕಬ್ಬಿಣದ ಕಪಾಟಿಗೆ ತಲೆ ಬಡಿಯಿತು. ಅಪಘಾತದಂತೆ ಕಾಣಲೆಂದು ಮಿಕ್ಕದ್ದನ್ನು ಮೇಲೆ ಉರುಳಿಸಿ ಓಡಿಹೋದ.

"ಅಷ್ಟರಲ್ಲಿ ಅಣ್ಣ ಹೋಗಿಬಿಟ್ಟಿದ್ದ, ಅಲ್ವಾ?" ಎಂದ.

ಡಾಕ್ಟರಮ್ಮ ಅಡ್ಡಡ್ಡ ತಲೆಯಾಡಿಸಿದರು. "ಇಲ್ಲ. ಮೇಲೆ ಬಿದ್ದಿದ್ದ ಕೊಳವೆಗಳ ಮೇಲೆಲ್ಲ ಅವರ ಕೆಸರಾದ ಅಂಗೈ ಗುರುತಿದೆ. ತಳ್ಳೋಕೆ ನೋಡಿದಾರೆ. ಆಗಲೇ ನನ್ನ ಕರೆದಿದ್ರೆ ಉಳಿಸ್ತಿದ್ದೆನೇನೋ."

 ಹಡಗನ್ನು ದಡದತ್ತ ತಿರುಗಿಸಲು ಕಪ್ತಾನ ಎದ್ದು ಹೋದ.