ಏಳನೆಯ ನಟ್ಟು

“ನೀವೂ ಸುತ್ತಿಗೆ ಎತ್ತಿದ್ರೆ ನಾನ್ ಸುಮ್ನಿರಲ್ಲ, ಈಗ್ಲೇ ಹೇಳಿದೀನಿ!”

ಬೋಜ ಬೆಚ್ಚಿಬಿದ್ದ. ಪಾಪ, ಅವನ ಕೈಯಲ್ಲಿದ್ದದ್ದು ಟೀ ಲೋಟ.

ಗೋಣಿಕೊಪ್ಪಲಿನ ಅವನ ಸೈಕಲ್ ಶಾಪಿಗೆ ಬರುವ ಮೊದಲು ಕುಸುಮಾ ಎರಡು ಅಂಗಡಿ ಹತ್ತಿಳಿದಿದ್ದಳು. ಅಪ್ಪ ಪರಮೇಶಪ್ಪನವರ ಹಳೇ ಇಂಗ್ಲೆಂಡ್ ಸೈಕಲ್. ಮುಂದಿನ ಚಕ್ರದ ನಟ್ಟೊಂದು ಎಲ್ಲೋ ಬಿದ್ದುಹೋಗಿತ್ತು, ಅಷ್ಟೇ! ಆದರೆ ಪೇಟೆಯ ಯಾವ ನಟ್ಟೂ ಅದಕ್ಕೆ ಕೂರುತ್ತಿರಲಿಲ್ಲ. ಒಬ್ಬನಂತೂ ಬಡಿದು ಕೂರಿಸಲು ಹೋಗಿ ಥ್ರೆಡ್ಡಿನ ತುದಿಯನ್ನೇ ಸವೆಸಿದ್ದ.

ಬೋಜ ಚಕ್ರದ ನಡುವಿನ ಆಕ್ಸಲ್‌ನ ಸುತ್ತುಗೆರೆಗಳ ಮೇಲೆ ಉಗುರಾಡಿಸಿದ. “ಇದರ ಥ್ರೆಡ್ ಸಣ್ಣ. ನಮ್ಮ ನಟ್ಟು ಎರಡು ಸುತ್ತು ಹೋಗಿ ಹಿಡ್ಕೊಳ್ತದೆ. ಆಕ್ಸಲ್ಲೇ ಬದಲಾಯಿಸಿದ್ರೆ ಹತ್ತು ನಿಮಿಷದ ಕೆಲಸ.”

“ಅಪ್ಪನ ಸೈಕಲ್‌ನಿಂದ ಒಂದು ಪೀಸೂ ಬಿಸಾಕಬಾರದು!” ಅವಳು ಸೈಕಲ್ಲಿನ ಹಿಡಿಯನ್ನು ತನ್ನತ್ತ ಎಳೆದುಕೊಂಡಳು.

ಬಿಟ್ಟಂಗಾಲದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ, ಪ್ರತಿವರ್ಷ ಕಾಫಿ ಪಿಕ್ಕಿಂಗ್ ಶುರುವಾಗುವ ದಿನ ಈ ಸೈಕಲ್‌ನಲ್ಲೇ ತೋಟಕ್ಕೆ ಹೋಗುತ್ತಿದ್ದರು. ಈಗ ಅಪ್ಪ ಇಲ್ಲ. ಅವರ ಕೆಲಸ ಅವಳಿಗೆ ಬಂದಿತ್ತು. ಈ ಸಲ ಅವಳೇ ಹೋಗಬೇಕಿತ್ತು, ಇದೇ ಸೈಕಲ್‌ನಲ್ಲಿ.

“ಪಿಕ್ಕಿಂಗ್‌ಗೆ ಮೂರು ತಿಂಗಳಿದೆ. ಆಗುತ್ತಾ?”

“ನೋಡುವ.”

ಆ ‘ನೋಡುವ’ ಕೇಳಿ ಕೇಳಿ ಅವಳಿಗೆ ರೋಸಿಹೋಯಿತು. ಪ್ರತಿ ಸಂತೆಯ ದಿನ ಬರುವುದು, ಬೈಯುವುದು, ಅವನು ಕೊಡಿಸಿದ ಟೀ ಕುಡಿದು ಹೋಗುವುದು. ‘ಬೈಯೋಕೆ ಅಂತಲೇ ಸಂತೆ ಕಾಯ್ತಿದ್ದೀನಾ... ಛೆ, ಏನಿದು ಯೋಚನೆ!’

ಪಿಕ್ಕಿಂಗ್‌ಗೆ ಇನ್ನೊಂದೇ ದಿನ ಉಳಿದಿತ್ತು. ಕುಸುಮಾ ಬಂದಾಗ ಬೋಜ ಇರಲಿಲ್ಲ. ಸೈಕಲ್ ಇತ್ತು. ಮುಂದಿನ ಚಕ್ರದ ಆಕ್ಸಲ್ ಮಾತ್ರ ಇರಲಿಲ್ಲ!

“ಮೈಸೂರಿಗೆ ತಗೊಂಡ್ಹೋದ,” ಎಂದಳು ಪಕ್ಕದ ಟೀ ಅಂಗಡಿಯ ಮುದ್ದಿ. “ಅಲ್ಲಿ ಹಳೇ ಸೈಕಲ್ ಸಾಮಾನು ಅಂದ್ರೆ ಜೀವ ಬಿಡೋರು ಇದ್ದಾರಂತೆ.”

ಮಾರಿಬಿಟ್ಟ! ಮೂರು ತಿಂಗಳು ನಂಬಿಸಿ...

ಸಂಜೆ ಬಸ್ಸಿಳಿದು ಬಂದ ಬೋಜನಿಗೆ ಬಾಯಿ ತೆರೆಯಲೂ ಬಿಡಲಿಲ್ಲ. “ಯಾರಿಗೆ ಮಾರಿದ್ರಿ ನನ್ನ ಅಪ್ಪನ್ನ?”

ಅವನ ಮುಖ ಬಾಡಿತು. ಡಬ್ಬಿಯೊಂದನ್ನು ಬೆಂಚಿನ ಮೇಲೆ ಸುರಿದ. ಆಕ್ಸಲ್. ಜೊತೆಗೆ ಏಳು ಹೊಸ ನಟ್ಟು.

“ಮೈಸೂರಿನ ಲೇತಿನಲ್ಲಿ ಕೊರೆಸಿ ಮಾಡಿಸಿದ್ದು. ಆಕ್ಸಲ್ ಕಳೆದುಹೋದ್ರೆ ನಿಮಗೇನು ಹೇಳ್ಲಿ ಅಂತ ಹೆದರಿ ಬರೀ ಅಳತೆ ಕಳಿಸ್ತಿದ್ದೆ. ಹಾಗೆ ಮಾಡಿಸಿದ ಆರೂ ಹಾಳಾಯ್ತು. ಇವತ್ತು ಆಕ್ಸಲ್ ಹಿಡ್ಕೊಂಡು ಎದುರಿಗೇ ಕೂತು ಮಾಡಿಸ್ದೆ.”

ಏಳನೆಯದನ್ನು ಬೆರಳಲ್ಲೇ ತಿರುಗಿಸಿದ. ಅದು ಸರಾಗವಾಗಿ ಕೊನೆಯವರೆಗೂ ಹೋಯಿತು.

ಕುಸುಮಾ ಅತ್ತೇಬಿಟ್ಟಳು. “ತಪ್ಪಾಯ್ತು... ಯಾಕೆ ಇಷ್ಟು ಒದ್ದಾಡಿದ್ರಿ?”

“ನೀವು ಬಿಸಾಕಬಾರದು ಅಂದ್ರಲ್ಲ.” ಅವನು ಚಕ್ರ ಜೋಡಿಸಿದ. ಅವಳ ಮುಖ ನೋಡಲಿಲ್ಲ. “ಇನ್ನು ನಿಮಗೆ ಇಲ್ಲಿ ಕೆಲಸ ಇಲ್ಲ. ನಿಮ್ಮ ಬೈಗುಳ ಇಲ್ದೆ ಸಂತೆ ದಿನ ಹೇಗೆ ಕಳೀತದೋ ನಂಗೆ...”

ಅವಳು ಕಣ್ಣೊರೆಸಿಕೊಂಡಳು. “ಹಿಂದಿನ ಚಕ್ರದ ನಟ್ಟು ಸಡಿಲ ಮಾಡ್ಕೊಂಡು ಬರ್ತೀನಿ.”

“ಅಯ್ಯೋ, ಬೇಡ! ಅದರ ಥ್ರೆಡ್ ಹೋದ್ರೆ ಮತ್ತೆ ಮೂರು ತಿಂಗಳು!”

“ಹಾಗಾದ್ರೆ... ಸುಮ್ನೆ ಬರ್ಲಾ?”

ಈ ಸಲ ಅವನು ‘ನೋಡುವ’ ಎನ್ನಲಿಲ್ಲ.

“ಬಾ, ಕುಸುಮಾ.”